ಸೀಸ ಇಳಿಯುವವರೆಗೆ

ನನಗಿದ್ದ ಕಾಯಿಲೆಯ ಹೆಸರು ಹೇಳಿದರೆ ಎಲ್ಲರೂ ಮೊದಲು ಕೇಳುವುದು ಒಂದೇ ಪ್ರಶ್ನೆ: ಬ್ಯಾಟರಿ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಿರಾ? ಇಲ್ಲ. ನಾನು ಮಧುಗಿರಿಯ ಕಾಲೇಜೊಂದರಲ್ಲಿ ಗಣಿತ ಹೇಳಿಕೊಡುತ್ತೇನೆ. ನನ್ನ ಕೈಗೆ ಅಂಟುವುದು ಸೀಮೆಸುಣ್ಣದ ಪುಡಿ ಮಾತ್ರ. ಆದರೂ ನನ್ನ ರಕ್ತದಲ್ಲಿ ಸೀಸ ಇತ್ತು, ಇರಬಾರದಷ್ಟು ಇತ್ತು. ಅದು ಗೊತ್ತಾದಾಗ ನಾನು ಐದು ತಿಂಗಳ ಬಸುರಿ.

ಎಷ್ಟಿತ್ತು ಎಂಬ ಅಂಕಿಯನ್ನು ಇಲ್ಲಿ ಬರೆಯುವುದಿಲ್ಲ. ಇದನ್ನು ಓದುವವರಲ್ಲಿ ಯಾರಾದರೂ ಆಸ್ಪತ್ರೆಯ ಬೆಂಚಿನ ಮೇಲೆ ತಮ್ಮ ರಿಪೋರ್ಟು ಹಿಡಿದು ಕುಳಿತಿದ್ದರೆ, ನನ್ನ ಅಂಕಿಯ ಪಕ್ಕ ತಮ್ಮದನ್ನಿಟ್ಟು ಅಳೆಯುತ್ತಾರೆ. ನಾನೂ ಹಾಗೆ ಮಾಡಿದ್ದೆ. ಮೊಬೈಲಿನಲ್ಲಿ ಸಿಕ್ಕ ಯಾರ್ಯಾರದೋ ಅಂಕಿಗಳ ಜೊತೆ ಹೋಲಿಸಿಕೊಂಡು ಒಂದು ಗಳಿಗೆ ಸಮಾಧಾನ, ಮರುಗಳಿಗೆ ಭಯ. ಗಣಿತ ಓದಿದವಳಿಗೂ ಅದರಿಂದ ಯಾವ ಉಪಯೋಗವೂ ಆಗಲಿಲ್ಲ.

ಬಸುರಾದ ಮೊದಲ ತಿಂಗಳುಗಳಲ್ಲಿ ಅನ್ನದ ವಾಸನೆ ಬಂದರೂ ಹೊಟ್ಟೆ ತೊಳಸುತ್ತಿತ್ತು. ನನ್ನ ಗಂಡ ಮಹೇಶ್ ಪಾವಗಡದ ಕಡೆ ಒಂದು ಹಳ್ಳಿಯ ಶಾಲೆಯಲ್ಲಿ ಮೇಷ್ಟ್ರು. ಬೆಳಿಗ್ಗೆ ಹೋದರೆ ಸಂಜೆಯೇ ಬರುವುದು. ಮನೆಯಲ್ಲಿ ಒಬ್ಬಳೇ ಯಾಕೆ ಒದ್ದಾಡಬೇಕು ಎಂದು ಅಮ್ಮ ನನ್ನನ್ನು ಮಿಡಿಗೇಶಿಗೆ ಕರೆದುಕೊಂಡು ಹೋದಳು. ಅಲ್ಲಿಂದ ಕಾಲೇಜಿಗೆ ಬಸ್ಸಿದೆ. ಅಪ್ಪ ನಾನು ಚಿಕ್ಕವಳಿದ್ದಾಗಲೇ ತೀರಿಕೊಂಡರು. ಅಮ್ಮನ ತಮ್ಮ ನಾಗಣ್ಣ ಮಾವ ಹಿಂದಿನ ಬೀದಿಯಲ್ಲೇ ಇದ್ದಾರೆ. ಬೋರ್‌ವೆಲ್ಲಿನ ಸುಟ್ಟುಹೋದ ಮೋಟಾರುಗಳಿಗೆ ಹೊಸದಾಗಿ ತಂತಿ ಸುತ್ತಿಕೊಡುವ ಅಂಗಡಿ ಅವರದು. ನನ್ನನ್ನು ವಿಶ್ವವಿದ್ಯಾಲಯದವರೆಗೆ ಓದಿಸಿದ್ದು ಆ ಅಂಗಡಿಯೇ.

ನಾಲಿಗೆಗೆ ಹಿಡಿಸುತ್ತಿದ್ದದ್ದು ಹುಳಿ ಒಂದೇ. ಹುಣಸೆ ಗೊಜ್ಜು, ಹುಣಸೆ ಚಿಗುರಿನ ಸಾರು, ಹುಳಿ ಹಿಂಡಿದ ಕಾಳಿನ ಸಾರು. ಬಸುರಿಗೆ ಹುಳಿ ಬೇಕೆನಿಸುವುದು ನಮ್ಮ ಕಡೆ ಸಂತೋಷದ ಸುದ್ದಿ. ಅದನ್ನು ಕೇಳಿದವರು ಒಂದು ಹಿಡಿ ಹುಣಸೆಹಣ್ಣನ್ನಾದರೂ ತಂದುಕೊಡುತ್ತಾರೆ. ರಕ್ತ ಕಡಿಮೆಯಿದೆ ಎಂದು ಡಾಕ್ಟರು ಹೇಳಿದ ದಿನ ಅಮ್ಮನಿಗೆ ತನ್ನ ತಾಯಿಯ ಹಿತ್ತಾಳೆ ತಪ್ಪಲೆ ನೆನಪಾಯಿತು. ಹಿತ್ತಾಳೆಯಲ್ಲಿ ಬೇಯಿಸಿ ಉಂಡರೆ ಮೈಗೆ ರಕ್ತ ಬರುತ್ತದೆ ಎಂಬುದು ಅವಳ ನಂಬಿಕೆ. ಅಟ್ಟದಿಂದ ಇಳಿಸಿ ಹುಣಸೆಹಣ್ಣು ಹಾಕಿ ಉಜ್ಜಿದಳು. ಹೊರಗೆಲ್ಲ ಥಳಥಳ ಹೊಳೆಯಿತು. ಒಳಗೆ ಹಳೆಯ ತವರದ ಕಲಾಯಿ ಕಿತ್ತುಹೋಗಿ ಹಳದಿ ಕಾಣುತ್ತಿತ್ತು. ಕಲಾಯಿ ಇಲ್ಲದ ಹಿತ್ತಾಳೆಯಲ್ಲಿ ಹುಳಿ ಬೇಯಿಸಬಾರದು ಎಂಬುದು ಅವಳಿಗೆ ಗೊತ್ತಿತ್ತು. ಅಷ್ಟು ಎಚ್ಚರಿಕೆ ನಮ್ಮ ಮನೆಯಲ್ಲಿ ಇತ್ತು.

ಹಿಂದೆ ಕಲಾಯಿ ಹಾಕುವವರು ಊರಿಗೇ ಬಂದು ಬಸ್ ನಿಲ್ದಾಣದ ಹತ್ತಿರ ತಿದಿ ಹೂಡಿ ಕೂರುತ್ತಿದ್ದರಂತೆ. ಈಗ ಅವರು ಬರುವುದಿಲ್ಲ. ಸಿರಾದಲ್ಲಿ ವಿಚಾರಿಸಿದರೆ ಸಿಕ್ಕಾರು ಎಂದು ಮಹೇಶ್ ಹೇಳಿದರು. ಮಾವ ಅಷ್ಟು ದೂರ ಯಾಕೆ ಎಂದರು. ಹುಡುಗನಾಗಿದ್ದಾಗ ಕಲಾಯಿಯವರ ಎದುರು ಕೂತು ನೋಡಿದ ಕೆಲಸ, ಕೈಗೆ ಬಾರದ್ದೇನಲ್ಲ ಎಂಬುದು ಅವರ ಧೈರ್ಯ. ತಪ್ಪಲೆಯನ್ನು ಅಂಗಡಿಗೆ ಒಯ್ದು ಕಾಯಿಸಿ, ಲೋಹದ ಕೊಳೆ ಬಿಡಿಸುವ ನವಸಾಗರದ ಪುಡಿ ಉದುರಿಸಿ, ಅರಳೆಯಲ್ಲಿ ಒರೆಸಿ, ಮೋಟಾರಿನ ತಂತಿ ಬೆಸೆಯುವ ಕಡ್ಡಿಯನ್ನೇ ಕರಗಿಸಿ ಒಳಗೆಲ್ಲ ಬಳಿದರು. ಅಪ್ಪಟ ತವರ ಬೇಕಾದ ಕಡೆ ತವರ ಮತ್ತು ಸೀಸ ಕೂಡಿಸಿದ ಕಡ್ಡಿ. ಸಂಜೆ ತಪ್ಪಲೆಯನ್ನು ಬಟ್ಟೆಯಲ್ಲಿ ಸುತ್ತಿ ತಂದು ಅಡುಗೆಮನೆಯ ಕಟ್ಟೆಯ ಮೇಲಿಟ್ಟರು. ಒಳಗೆ ನೋಡಿದರೆ ಮುಖ ಕಾಣುತ್ತಿತ್ತು. "ಬೆಳ್ಳಿ ಇದ್ದಂಗೈತಲ್ಲೋ ನಾಗ" ಎಂದು ಅಮ್ಮ ಹಿಗ್ಗಿದಳು. ಮಾವ ನನ್ನ ಕಡೆ ತಿರುಗಿ, "ಇನ್ನ ಏಸು ಬೇಕೋ ಅಷ್ಟು ಹುಳಿ ಉಣ್ಣು ಕಣಮ್ಮ" ಎಂದರು.

ಉಂಡೆ. ಅಮ್ಮ ಮಂಡಿನೋವೆಂದು ಹುಳಿ ಬಿಟ್ಟು ಬಹಳ ಕಾಲವಾಗಿತ್ತು. ತಪ್ಪಲೆಯ ಸಾರು ಹೆಚ್ಚುಕಡಿಮೆ ನನ್ನೊಬ್ಬಳದೇ. ರಾತ್ರಿ ಉಳಿದದ್ದು ಅದರಲ್ಲೇ ಇದ್ದು ಬೆಳಿಗ್ಗೆಗೆ ಇನ್ನಷ್ಟು ರುಚಿಯಾಗುತ್ತಿತ್ತು.

ಕೆಲವು ವಾರಗಳಲ್ಲಿ ಹೊಟ್ಟೆನೋವು ಶುರುವಾಯಿತು. ಹಿಂಡುವ ನೋವು, ಹೊಕ್ಕುಳ ಸುತ್ತ. ಬಾಯಲ್ಲಿ ಬೀಗದ ಕೈ ಕಚ್ಚಿಕೊಂಡಂಥ ರುಚಿ. ಬೋರ್ಡಿನ ಮೇಲೆ ಬರೆಯಲು ಕೈ ಎತ್ತಿದರೆ ತೋಳು ಸೋತು ಕೆಳಗಿಳಿಯುತ್ತಿತ್ತು. ಹೇಳಿಕೊಂಡರೆ ಎಲ್ಲರದೂ ಒಂದೇ ಮಾತು, ಬಸುರಿಯಲ್ಲವೆ, ಇದ್ದದ್ದೇ. ನಾನು ಹೆಚ್ಚು ಹೇಳಿಕೊಳ್ಳುವವಳೂ ಅಲ್ಲ. ಕಬ್ಬಿಣದ ಮಾತ್ರೆ ನುಂಗುತ್ತಿದ್ದರೂ ರಕ್ತ ಇಳಿಯುತ್ತಲೇ ಹೋಯಿತು. ಅದು ಇಳಿದಷ್ಟೂ ಅಮ್ಮ ತಪ್ಪಲೆಯಿಂದ ಇನ್ನೊಂದು ಸೌಟು ಹೆಚ್ಚು ಬಡಿಸಿದಳು.

ಮಧುಗಿರಿಯ ಆಸ್ಪತ್ರೆಯಲ್ಲಿ ಬಸುರಿಯರ ತಪಾಸಣೆಯ ದಿನ ಕೂರಲು ಜಾಗ ಸಿಗುವುದಿಲ್ಲ. ಗೋಡೆಗೊರಗಿ ನಿಂತಿದ್ದ ನನಗೆ ಒಬ್ಬಾಕೆ ಸರಿದು ಬೆಂಚಿನ ತುದಿ ಬಿಟ್ಟುಕೊಟ್ಟಳು. ನನಗಿಂತ ಚಿಕ್ಕವಳು, ಅವಳಿಗದು ಮೂರನೆಯದು. ನನ್ನ ಮುಖ ನೋಡಿ ತನ್ನ ಚೀಲದಿಂದ ಒಂದು ಬಾಳೆಹಣ್ಣು ತೆಗೆದು ಕೊಟ್ಟಳು. ಅವಳ ಹೆಸರು ನನಗೆ ಗೊತ್ತಿಲ್ಲ. ಕಾಯಿಲೆಯ ಆ ತಿಂಗಳುಗಳನ್ನು ನೆನೆದಾಗ ಈಗಲೂ ಆ ಬಾಳೆಹಣ್ಣು ನೆನಪಾಗುತ್ತದೆ.

ಮಾತ್ರೆ ತಿಂದರೂ ರಕ್ತ ಏರದ್ದು ಕಂಡು ಅಲ್ಲಿನ ಲೇಡಿ ಡಾಕ್ಟರು ತುಮಕೂರಿಗೆ ಬರೆದುಕೊಟ್ಟರು. ಅಲ್ಲಿ ನನ್ನ ರಕ್ತವನ್ನು ಗಾಜಿನ ಮೇಲೆ ಸವರಿ ನೋಡಿದವರಿಗೆ ಕೆಂಪು ಕಣಗಳಲ್ಲಿ ಇರಬಾರದ ನೀಲಿ ಚುಕ್ಕಿಗಳು ಕಂಡವು. ಸೀಸದ ಪರೀಕ್ಷೆ ಮಾಡಿಸಿ ಎಂದರು. ಅದರ ರಿಪೋರ್ಟನ್ನು ಮಹೇಶ್ ತುಮಕೂರಿನ ಬಸ್ ನಿಲ್ದಾಣದಲ್ಲಿ ನಿಂತು ಓದಿದರು. ಓದಿ ಮಡಿಸಿ ಜೇಬಿಗಿಟ್ಟುಕೊಂಡು, ನನಗೆ ಒಂದು ಎಳನೀರು ಕೊಡಿಸಿ, ನಾನು ಕುಡಿದು ಮುಗಿಸುವವರೆಗೆ ಸುಮ್ಮನಿದ್ದರು. ಆಮೇಲೆ ಕೊಟ್ಟರು. ಕೆಟ್ಟ ಸುದ್ದಿಗೆ ಮೊದಲು ಹೊಟ್ಟೆಗೆ ಏನಾದರೂ ಬೀಳಲಿ ಎಂದು ಯೋಚಿಸುವ ಮನುಷ್ಯ ಎಂಬುದು ಮದುವೆಯಾಗಿ ವರ್ಷವಾಗಿದ್ದರೂ ನನಗೆ ಅಂದೇ ತಿಳಿದದ್ದು.

ಬೆಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ನಮ್ಮನ್ನು ನೋಡಿದ ಡಾಕ್ಟರು ನನ್ನ ವಯಸ್ಸಿನವರೇ. ಮನೆಯಲ್ಲಿ ಬ್ಯಾಟರಿ ಕೆಲಸ ಇದೆಯೇ, ಹೊಸ ಬಣ್ಣ ಹೊಡೆಸಿದ್ದೀರಾ, ನಾಟಿ ಔಷಧಿ ತಗೊಂಡಿರಾ, ಕಾಡಿಗೆ ಹಚ್ಚುತ್ತೀರಾ ಎಂದು ಒಂದೊಂದಾಗಿ ಕೇಳಿದರು. ಎಲ್ಲದಕ್ಕೂ ಇಲ್ಲ ಎಂದೆ. ಪಾತ್ರೆಗಳು? ಸ್ಟೀಲು, ಕುಕ್ಕರ್. ಒಂದು ಹಿತ್ತಾಳೆಯದು.

"ಕಲಾಯಿ ಇದೆಯಾ?"

"ಇದೆ. ಹೊಸದಾಗಿ ಹಾಕಿದ್ದು."

"ಯಾರು ಹಾಕಿದ್ದು?"

ನಮ್ಮ ಮಾವ ಎಂದೆ. ಅವರು ಕಲಾಯಿ ಕೆಲಸದವರಾ ಎಂದು ಕೇಳಿದರು. ಅಂಗಡಿಯ ಕಪ್ಪು ಬೆಂಚು, ಅದರ ಮೇಲಿನ ಬೆಳ್ಳನೆಯ ಕಡ್ಡಿಗಳು ಕಣ್ಣಿಗೆ ಬಂದವು. ಅವರದು ಮೋಟಾರು ಅಂಗಡಿ ಎಂದು ಮಹೇಶ್ ನನ್ನ ಬದಲು ಹೇಳಿದರು.

ಡಾಕ್ಟರು ಬೈಯಲಿಲ್ಲ. ತಪ್ಪಲೆಯನ್ನು ಇವತ್ತೇ ಬಿಡಿ ಎಂದರು. ಬಸುರಿಯಾದ್ದರಿಂದ ಸೀಸ ಸೆಳೆಯುವ ಔಷಧಿಯನ್ನು ಈಗಲೇ ಕೊಡುವುದಿಲ್ಲ, ಬಹಳ ಏರಿದರೆ ಮಾತ್ರ ಯೋಚಿಸುತ್ತೇವೆ, ಸದ್ಯಕ್ಕೆ ಕಬ್ಬಿಣ, ಕ್ಯಾಲ್ಸಿಯಂ, ಊಟ, ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಎಂದರು. ನಾನು ಕೇಳಬೇಕಾದ್ದನ್ನು ಕೇಳಿದೆ. ಮಗುವಿಗೆ ಹೋಗಿದೆಯಾ?

"ಹೋಗಿರುತ್ತೆ" ಎಂದರು. "ನಿಮ್ಮ ರಕ್ತದಲ್ಲಿರೋದು ಅದಕ್ಕೂ ಹೋಗುತ್ತೆ. ನಿಮ್ಮದು ಇಳಿದಷ್ಟೂ ಅದರದ್ದು ಇಳಿಯುತ್ತೆ. ಏನೂ ಆಗಲ್ಲ ಅಂತ ನಾನು ಹೇಳಲ್ಲ. ಬೇಗ ಗೊತ್ತಾಯ್ತು, ಅಷ್ಟು ಹೇಳಬಲ್ಲೆ."

ಸುಳ್ಳು ಹೇಳದ್ದಕ್ಕೆ ಆಮೇಲೆ ಅವರಿಗೆ ಮನಸ್ಸಿನಲ್ಲೇ ಎಷ್ಟೋ ಸಲ ಕೈ ಮುಗಿದಿದ್ದೇನೆ. ಅಂದು ಮಾತ್ರ ಹೊಟ್ಟೆಯ ಮೇಲೆ ಕೈಯಿಟ್ಟುಕೊಳ್ಳಲೂ ಹೆದರಿಕೆಯಾಯಿತು.

ಮನೆಗೆ ಬಂದು ಅಮ್ಮ, ಮಾವ ಇಬ್ಬರಿಗೂ ಹೇಳಿದೆವು. ಮಾವ ತಪ್ಪಲೆಯನ್ನು ಹಿಡಿದು ಜಗಲಿಯ ಬೆಳಕಿಗೆ ಹೋಗಿ ಕೂತರು. ಒಳಗೆ ಉಗುರಿನಿಂದ ಕೆರೆದು ನೋಡಿದರು. "ಬೆಳ್ಳಗೆ ಕಾಣ್ತು ಕಣಮ್ಮ. ತವರದಂಗೇ ಕಾಣ್ತು" ಎಂದರು. ಅಮ್ಮ ಕಂಬಕ್ಕೊರಗಿ ನಿಂತಿದ್ದಳು. "ನೀನು ಬಳ್ದಿದ್ದು ಒಂದು ದಿನ. ದಿನಾ ಸೌಟು ಹಿಡ್ದು ಹುಯ್ದೋಳು ನಾನಲ್ಲೇನೋ" ಎಂದಳು. ಇಬ್ಬರೂ ಅಳಲಿಲ್ಲ. ತಪ್ಪು ನನ್ನದು ನನ್ನದು ಎಂದು ಇಬ್ಬರೂ ತಮ್ಮ ಕಡೆಗೇ ಎಳೆದುಕೊಳ್ಳುತ್ತಿದ್ದರು. ಕಾಯಿಲೆಯಾದವಳು ನಾನು ಅವರ ನಡುವೆ ಕೂತು, ಯಾರನ್ನು ಮೊದಲು ಸಮಾಧಾನ ಮಾಡಲಿ ಎಂದು ತಿಳಿಯದೆ, ಹಸಿವಾಗುತ್ತಿದೆ ಎಂದೆ. ಆಗ ಅಮ್ಮ ಒಲೆಯ ಕಡೆ ಹೋದಳು. ಮಾವ ತಪ್ಪಲೆ ತೆಗೆದುಕೊಂಡು ಹೊರಟವರು ಆಮೇಲೆ ಮನೆಗೆ ಬರುವುದನ್ನೇ ನಿಲ್ಲಿಸಿದರು.

ಮನೆಯವರೆಲ್ಲ ರಕ್ತ ಪರೀಕ್ಷೆ ಮಾಡಿಸಬೇಕೆಂದು ಡಾಕ್ಟರು ಹೇಳಿದ್ದರು. ಅಮ್ಮನದು ಸ್ವಲ್ಪ ಹೆಚ್ಚಿತ್ತು, ಹೆದರುವಷ್ಟಲ್ಲ. ಮಾವ ಬರಲೊಪ್ಪಲಿಲ್ಲ. ಕೊನೆಗೆ ನಾನೇ ಅಂಗಡಿಗೆ ಹೋದೆ. ನನ್ನನ್ನು ಕಂಡದ್ದೇ ಎದ್ದುಬಂದು ಬಾಗಿಲಲ್ಲೇ ತಡೆದರು.

"ಒಳಿಕ್ಕೆ ಬರಬ್ಯಾಡ. ಹೊಗೆ ಐತೆ."

"ನೀವು ಪರೀಕ್ಷೆಗೆ ಬಂದರೆ ನಾನು ಹೋಗ್ತೀನಿ" ಎಂದೆ.

"ನಂಗೇನಾಗೈತೆ ಬುಡು. ನಂದೇನು ನೋಡ್ತೀಯ, ನಿಂದು ನೋಡ್ಕೋ."

"ನೀವು ಆ ಹೊಗೆಯಲ್ಲಿ ಎಷ್ಟು ವರ್ಷದಿಂದ ಕೂತಿದ್ದೀರಿ ಮಾವ?"

ಬಿಸಿಲಲ್ಲಿ ನಾನು ನಿಂತೇ ಇದ್ದದ್ದನ್ನು ನೋಡಲಾಗದೆ ಒಪ್ಪಿಕೊಂಡರು. ಅವರ ರಿಪೋರ್ಟು ಬಂದಾಗ ಅಂಕಿ ನನ್ನದಕ್ಕಿಂತ ಹೆಚ್ಚಿತ್ತು. ಅದನ್ನು ಕಂಡು ಅವರ ಮುಖ ತುಸು ಹಗುರಾದದ್ದು ನನಗೆ ಕಂಡಿತು. ಹಾಗೆ ಹಗುರಾದದ್ದಕ್ಕೆ ನನಗೆ ದುಃಖವಾಯಿತು.

ಅಂದಿನಿಂದ ನಾವಿಬ್ಬರೂ ಜೊತೆ ರೋಗಿಗಳಾದೆವು. ತಿಂಗಳಿಗೊಮ್ಮೆ ಬೆಳಗಿನ ಬಸ್ಸು, ಕೊರಟಗೆರೆಯಲ್ಲಿ ಕಾಫಿ, ಮಧ್ಯಾಹ್ನದವರೆಗೆ ಆಸ್ಪತ್ರೆಯ ಪ್ಲಾಸ್ಟಿಕ್ ಕುರ್ಚಿ. ರಕ್ತ ಕೊಡುವಾಗ ಮಾವ ಸೂಜಿಯನ್ನು ದಿಟ್ಟಿಸಿ ನೋಡುತ್ತಿದ್ದರು. ನಾನು ಗೋಡೆ ನೋಡುತ್ತಿದ್ದೆ. ಒಮ್ಮೆ ಡಾಕ್ಟರ ಹತ್ತಿರ ಹೆಚ್ಚು ಜನ ಇರಲಿಲ್ಲ. ಮಾವ ಕೈಕಟ್ಟಿ ನಿಂತು, ಇದು ಒಳಗೆ ಹೋದದ್ದು ಹೆಂಗೆ, ಹೊರಗೆ ಬರೋದು ಹೆಂಗೆ ಎಂದು ಕೇಳಿದರು.

ಡಾಕ್ಟರು ಪೆನ್ನು ಕೆಳಗಿಟ್ಟು ಹೇಳಿದರು. ರಕ್ತಕ್ಕೆ ಸೇರಿದ ಸೀಸದಲ್ಲಿ ಬಹುಪಾಲು ಕೆಂಪು ಕಣಗಳ ಒಳಗೇ ಹೊಕ್ಕು ಕೂರುತ್ತದೆ. ಅದಕ್ಕೆಂದೇ ಬೇರೆ ಬಾಗಿಲಿಲ್ಲ, ಬೇರೆ ಲವಣಗಳು ಓಡಾಡುವ ದಾರಿಯಲ್ಲೇ ನುಸುಳುತ್ತದೆ. ಒಳಗೆ ಹೋದದ್ದು ಹೆಚ್ಚಿನಂಶ ಅಲ್ಲೇ ಅಂಟಿಕೊಳ್ಳುತ್ತದೆ. ಅಂಟದೆ ಬಿಡಿಯಾಗಿ ಉಳಿದದ್ದನ್ನು ಕಣ ತಾನೇ ಹೊರಗೆ ಹಾಕುತ್ತದೆ. "ಕ್ಯಾಲ್ಸಿಯಂ ಹೊರಗೆ ದಬ್ಬೋಕೆ ಅದರಲ್ಲೊಂದು ಪಂಪ್ ಇದೆ. ಅದಕ್ಕೆ ಸೀಸ ಯಾವುದು, ಕ್ಯಾಲ್ಸಿಯಂ ಯಾವುದು ಅಂತ ಗೊತ್ತಾಗಲ್ಲ. ಎರಡನ್ನೂ ದಬ್ಬುತ್ತೆ" ಎಂದರು.

"ಅಷ್ಟು ಸಣ್ಣದ್ರಾಗೆ ಪಂಪು?" ಎಂದು ಮಾವ ನನ್ನ ಮುಖ ನೋಡಿದರು. ಆಮೇಲೆ ಡಾಕ್ಟರ ಕಡೆಗೆ ತಿರುಗಿ, "ಅದುಕ್ಕೆ ಕರೆಂಟು?" ಎಂದರು.

"ಉಂಡ ಊಟದ್ದೇ."

"ಮತ್ತೆ ಅದು ಸುಟ್ಟೋದ್ರೆ?"

ಡಾಕ್ಟರಿಗೆ ನಗು ಬಂತು. ಸೀಸ ಬಹಳ ಹೆಚ್ಚಾದರೆ ಆ ಪಂಪಿಗೂ ಸುಸ್ತಾಗುತ್ತದೆ, ಅದಕ್ಕೇ ಹೊಸದು ಸೇರದ ಹಾಗೆ ನೋಡಿಕೊಳ್ಳಬೇಕು ಎಂದರು. ಅದೂ ಅಲ್ಲದೆ ಒಂದು ಕೆಂಪು ಕಣ ಬದುಕುವುದು ನಾಲ್ಕು ತಿಂಗಳು, ಆಮೇಲೆ ಹೊಸವು ಬರುತ್ತವೆ. ಮೂಳೆಯಲ್ಲಿ ಕೂತದ್ದು ಮಾತ್ರ ನಿಧಾನ, ಬಹಳ ನಿಧಾನ. ನಾನು ಅಷ್ಟು ದಿನ ರಾತ್ರಿಯೆಲ್ಲ ಓದಿದ್ದ ಯಾವುದೂ ಕೊಡದ ಧೈರ್ಯ ನನಗೆ ಆ ಮಾತಿನಲ್ಲಿ ಸಿಕ್ಕಿತು. ನನ್ನ ರಕ್ತ ವಿಷ ಎಂದುಕೊಂಡಿದ್ದೆ. ಅದು ನನಗೆ ಹೇಳದೆ ಕೇಳದೆ ಕೆಲಸ ಮಾಡುತ್ತಿತ್ತು.

ಬಸ್ಸಿನಲ್ಲಿ ಮಾವ ತಾವಾಗಿಯೇ ಮಾತಾಡಿದರು. "ಬೋರಿನಾಗೆ ಹೂಳು ಇದ್ದಂಗೆ ಅನ್ನು. ನೀರಿನ ಜತೆ ಬಂದಷ್ಟು ಬತ್ತದೆ. ತಳದಾಗಿರೋದು ಕುಂತಿರ್ತದೆ. ಎತ್ತುತಾನೇ ಇರಬೇಕು." ತಪ್ಪಲೆಯ ವಿಷಯ ತಿಳಿದ ಮೇಲೆ ಅವರು ನನ್ನೊಡನೆ ಇಷ್ಟು ಮಾತಾಡಿದ್ದು ಅದೇ ಮೊದಲು.

ಅವರು ಬೆಸುಗೆಯ ಕೆಲಸವನ್ನು ಅಂಗಡಿಯ ಹಿಂದಿನ ಬಯಲಿಗೆ ಬದಲಿಸಿದರು. ಮುಖಕ್ಕೆ ಮಾಸ್ಕು, ಕೈಗೆ ಗವಸು. "ಆಪರೇಸನ್ ಮಾಡೋ ಡಾಕ್ಟ್ರಾಗ್ಬುಟ್ಯಲ್ಲ ನಾಗಣ್ಣ" ಎಂದು ಮೋಟಾರು ತಂದ ರೈತರು ರೇಗಿಸುತ್ತಿದ್ದರಂತೆ. ರಾಗಿಯಲ್ಲಿ ಕ್ಯಾಲ್ಸಿಯಂ ಚೆನ್ನಾಗಿದೆ ಎಂದು ಡಾಕ್ಟರು ಹೇಳಿದ್ದು ಅಮ್ಮನಿಗೆ ದೊಡ್ಡ ಆಸರೆಯಾಯಿತು. ತನ್ನ ಕೈಯ ಅಡುಗೆಯೇ ಮದ್ದು ಎಂದು ಒಬ್ಬರು ಅವಳಿಗೆ ಹೇಳಬೇಕಿತ್ತು. ಸ್ಟೀಲು ಪಾತ್ರೆಯಲ್ಲಿ ಅಂಬಲಿ ಕಾಸಿ ಬೆಳಿಗ್ಗೆ ಸಂಜೆ ಎದುರು ನಿಂತು ಕುಡಿಸುತ್ತಿದ್ದಳು.

ಅಂಕಿ ಇಳಿಯಿತು. ಮೊದಲು ಬೇಗ, ಆಮೇಲೆ ನಿಧಾನ. ಎಂಟನೆಯ ತಿಂಗಳಲ್ಲಿ ಇಳಿಯುವುದು ನಿಂತು ಒಂದಿಷ್ಟು ಏರಿತು. ಮಗುವಿನ ಮೂಳೆ ಬೆಳೆಯಲು ತಾಯಿಯ ಮೂಳೆ ಕರಗಿ ಕೊಡುತ್ತದೆ, ಅದರ ಜೊತೆ ಅಲ್ಲಿದ್ದ ಸೀಸವೂ ಎದ್ದು ಬರುತ್ತದೆ ಎಂದರು. ನಾನು ಅದಕ್ಕೆ ಕೊಡುವುದರ ಜೊತೆಗೇ ಇದನ್ನೂ ಕೊಡುತ್ತಿದ್ದೇನೆ. ಆ ವಾರ ಮಗು ಒದ್ದಾಗಲೆಲ್ಲ ನಾನು ಮನಸ್ಸಿನಲ್ಲಿ ಕ್ಷಮೆ ಕೇಳುತ್ತಿದ್ದೆ. ಮಹೇಶ್‌ಗೆ ಹೇಳಿದಾಗ ಅವರು, ಅದು ಒದೆಯುತ್ತಿರುವುದು ನಿನ್ನನ್ನು ಬೈಯಲು ಅಂತ ಯಾಕೆ ಅಂದುಕೊಳ್ತೀಯ, ಆಟ ಆಡುತ್ತಿರಬಹುದು ಎಂದರು. ಸಣ್ಣ ಮಾತು. ಅಂದು ನಿದ್ದೆ ಬಂತು.

ಹೆಣ್ಣು ಮಗು ಹುಟ್ಟಿತು. ಹೊಕ್ಕುಳಬಳ್ಳಿಯ ರಕ್ತವನ್ನು ಪರೀಕ್ಷೆಗೆ ಕಳಿಸಿದರು. ವರದಿ ಬರುವವರೆಗೆ ಅವಳು ಹಾಲು ಕುಡಿಯುವುದನ್ನು, ಕಣ್ಣು ಬಿಡುವುದನ್ನು, ಸೀನುವುದನ್ನು ಎಲ್ಲವನ್ನೂ ಅನುಮಾನದಿಂದ ನೋಡಿದೆ. ಸೀಸ ಇತ್ತು. ನನ್ನಲ್ಲಿದ್ದದ್ದಕ್ಕಿಂತ ಕಡಿಮೆ, ನಾನು ಹೆದರಿದ್ದಕ್ಕಿಂತ ಬಹಳ ಕಡಿಮೆ, ಆದರೆ ಇಲ್ಲ ಎನ್ನುವಂತಿರಲಿಲ್ಲ. ನನ್ನ ಈಗಿನ ಮಟ್ಟಕ್ಕೆ ಎದೆಹಾಲು ಕೊಡಬಹುದು, ಕೊಡಬೇಕು ಎಂದು ಡಾಕ್ಟರು ಹೇಳಿದರು. ಮಗುವಿನ ಮಾತು, ನಡಿಗೆ, ಆಟ ನೋಡುತ್ತಾ ಹೋಗೋಣ ಎಂದರು. "ನೋಡುತ್ತಾ ಹೋಗೋಣ" ಎನ್ನುವುದರ ಜೊತೆ ಬದುಕುವುದನ್ನು ನಾನು ಇನ್ನೂ ಕಲಿಯುತ್ತಿದ್ದೇನೆ.

ಮಾವ ಮಗುವನ್ನು ನೋಡಲು ಬಂದಾಗಲೆಲ್ಲ ಬಾಗಿಲಲ್ಲೇ ನಿಲ್ಲುತ್ತಿದ್ದರು. ಅಂಗಡಿಯಲ್ಲೇ ಸ್ನಾನ ಮಾಡಿ, ಒಗೆದ ಪಂಚೆ ಉಟ್ಟು ಬರುತ್ತಿದ್ದರು. ಆದರೂ ಎತ್ತಿಕೊಳ್ಳುತ್ತಿರಲಿಲ್ಲ. ಕೊಡಲು ಹೋದರೆ ಕೈಯನ್ನು ಬೆನ್ನಿಗೆ ಕಟ್ಟಿಕೊಳ್ಳುತ್ತಿದ್ದರು. ನಮ್ಮಲ್ಲಿ ಮಗುವಿನ ಕಿವಿ ಚುಚ್ಚುವಾಗ ಸೋದರಮಾವನ ತೊಡೆಯ ಮೇಲೆ ಕೂರಿಸುತ್ತಾರೆ. ನನಗೆ ಅಣ್ಣತಮ್ಮಂದಿರಿಲ್ಲ. ಆ ಜಾಗ ಮಾವನದೇ ಎಂದು ಅಮ್ಮ ಹೇಳಿದ್ದಕ್ಕೆ, ಬೇರೆ ಯಾರನ್ನಾದರೂ ಕೂರಿಸು ಎಂದರು. ಅಮ್ಮ ಹಟ ಮಾಡಲಿಲ್ಲ. ಕಿವಿ ಚುಚ್ಚುವುದನ್ನೇ ಮುಂದೂಡಿದಳು.

ಮಗಳಿಗೆ ವರ್ಷ ತುಂಬುವ ಹೊತ್ತಿಗೆ ಮತ್ತೆ ರಕ್ತ ಪರೀಕ್ಷೆ. ಅವಳದು, ನನ್ನದು, ಮಾವನದು, ಮೂವರದೂ ಒಂದೇ ದಿನ. ಸೂಜಿ ಕಂಡದ್ದೇ ಅವಳು ನನ್ನ ಸೀರೆ ಹಿಡಿದು ಕಿರುಚತೊಡಗಿದಳು. ಅಮ್ಮಂದಿರ ಹತ್ತಿರ ಮಕ್ಕಳು ಇನ್ನೂ ಹಟ ಮಾಡುತ್ತವೆ, ಬೇರೆ ಯಾರಾದರೂ ಹಿಡಿದುಕೊಳ್ಳಿ ಎಂದು ನರ್ಸು ಹೇಳಿದರು. ಮಹೇಶ್ ಶಾಲೆಯಲ್ಲಿದ್ದರು, ಅಮ್ಮ ಬಂದಿರಲಿಲ್ಲ. ಮಾವ ಎದ್ದರು. ನಲ್ಲಿಯ ಹತ್ತಿರ ಹೋಗಿ ಸೋಪು ಹಾಕಿ ಮೊಣಕೈಯವರೆಗೆ ತೊಳೆದರು, ಮತ್ತೆ ತೊಳೆದರು. ಬಂದು ಕುರ್ಚಿಯಲ್ಲಿ ಕೂತು ತೋಳು ಚಾಚಿದರು. ತಂತಿಯ ಎಳೆಯನ್ನು ಬೆರಳಲ್ಲಿ ಹಿಡಿಯುವವರ ಹಾಗೆ ಅವಳ ಮಣಿಕಟ್ಟನ್ನು ಹಿಡಿದರು. ಅವಳು ಅತ್ತಳು. "ಆಯ್ತು ಕಣವ್ವ, ಆಯ್ತು ಕಣ್ ಮಗಾ, ಇನ್ನೇನ್ ಆಗೋಯ್ತು" ಎನ್ನುತ್ತಲೇ ಇದ್ದರು. ಸೂಜಿ ತೆಗೆದ ಮೇಲೂ ಅವಳು ಇಳಿಯಲಿಲ್ಲ. ಅವರೂ ಇಳಿಸಲಿಲ್ಲ.

ಮುಂದಿನ ವಾರ ಮಧುಗಿರಿಯಲ್ಲಿ ಅವಳಿಗೆ ಲಸಿಕೆ ಹಾಕಿಸಿಕೊಂಡು ಮೂವರೂ ಮಿಡಿಗೇಶಿಯ ಬಸ್ಸಿನಲ್ಲಿ ಬರುತ್ತಿದ್ದಾಗ ನನ್ನ ಮೊಬೈಲಿಗೆ ವರದಿಗಳು ಬಂದವು. ಮಗಳು ಮಾವನ ತೊಡೆಯ ಮೇಲೆ ನಿದ್ದೆ ಹೋಗಿದ್ದಳು. ಮೊದಲು ಅವಳದನ್ನು ತೆರೆದೆ. ಡಾಕ್ಟರು ಆಗಲೇ ನೋಡಿ ಕೆಳಗೊಂದು ಸಾಲು ಬರೆದಿದ್ದರು: ಚೆನ್ನಾಗಿ ಇಳಿದಿದೆ, ಇನ್ನು ಪದೇಪದೇ ಸೂಜಿ ಬೇಡ. ಅದನ್ನು ಓದಿ ಹೇಳಿದೆ. ಮಾವ ಕಿಟಕಿಯ ಕಡೆ ಮುಖ ತಿರುಗಿಸಿದರು. ಮಗುವಿನ ಮುಖಕ್ಕೆ ಬೀಳುತ್ತಿದ್ದ ಬಿಸಿಲಿಗೆ ಅಂಗೈ ಅಡ್ಡ ಹಿಡಿದರು.

"ಅವಳ್ದಾಯ್ತು" ಎಂದರು. "ನಿಂದೆಷ್ಟೈತೆ?"

ಬಸುರಿ ಎಂದು ತಿಳಿದ ದಿನದಿಂದ ಎಲ್ಲರೂ ಕೇಳುತ್ತಿದ್ದದ್ದು ಮಗುವಿನದು. ನಾನೂ ಅದನ್ನೇ ಕೇಳಿಕೊಳ್ಳುತ್ತಿದ್ದೆ. ನನ್ನ ಅಂಕಿ ಎಂದರೆ ಅವಳಿಗೆ ಎಷ್ಟು ಹೋಗುತ್ತದೆ ಎಂಬ ಲೆಕ್ಕ, ಅಷ್ಟೇ ಆಗಿತ್ತು. ನನ್ನ ವರದಿಯನ್ನು ನಾನು ಇನ್ನೂ ತೆರೆದೇ ಇರಲಿಲ್ಲ. ತೆರೆದೆ. ಅದೂ ಇಳಿದಿತ್ತು. ಹೇಳಿದೆ.

"ಇನ್ನೊಂದ್ ಸಲ ಹೇಳು" ಎಂದರು ಮಾವ.

ಬಸ್ಸಿನ ಸದ್ದಿಗೆ ಕೇಳಿಸಲಿಲ್ಲವೇನೋ ಎಂದುಕೊಂಡು ಇನ್ನೊಮ್ಮೆ, ಗಟ್ಟಿಯಾಗಿ ಹೇಳಿದೆ. ಅವರಿಗೆ ಮೊದಲ ಸಲವೇ ಕೇಳಿಸಿತ್ತು.